ಚಿಕ್ಕಪ್ಪನ ಸಾಗು ಪುಡಿ ಮತ್ತು ನನ್ನ ದುಬೈ ಯಾತ್ರೆ

ಓದುವ ಮೊದಲು ನಾವೊಂದು ಒಪ್ಪಂದ ಮಾಡಿಕೊಳ್ಳೋಣ. ನೀವು ಇದನ್ನು ನಂಬುವುದಿಲ್ಲ, ನಾನು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬ್ರಹ್ಮಾವರದಲ್ಲಿರುವ ನನ್ನ ಅಜ್ಜಿ ಫೋನಿನಲ್ಲಿ ಅರ್ಧ ಕೇಳುವಾಗಲೇ "ರೈಲು ಬಿಡ್ಬೇಡ ಹೆಣ್ಣೇ" ಎಂದರು. ರೈಲು ಬಿಟ್ಟದ್ದು ನಾನಲ್ಲ, ರೈಲ್ವೆಯವರು. ನಾನು ಅದರಲ್ಲಿ ಕೂತದ್ದು ಮಾತ್ರ.

ಹತ್ತನೆಯ ಕ್ಲಾಸಿನ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ವಿದೇಶಕ್ಕೆ ಹೋದೆ. ಅದೂ ಸುಮ್ಮನೆ ತಿರುಗಾಡಲಿಕ್ಕಲ್ಲ, ಬಿಸಿನೆಸ್ ಟ್ರಿಪ್. ಭಾರತ ಬಿಟ್ಟದ್ದಕ್ಕೆ ನನ್ನ ಪಾಸ್‌ಪೋರ್ಟಿನಲ್ಲಿ ಸರಕಾರದ ಠಸ್ಸೆಯೇ ಇದೆ. ಆ ಠಸ್ಸೆಯ ಮೇಲೆ ಇನ್ನೊಂದು ಠಸ್ಸೆ ಯಾಕೆ ಬಿದ್ದಿದೆ ಎಂದು ನೀವೀಗಲೇ ಕೇಳಬಾರದು.

ಉಧ್ನಾ

ಸೂರತ್ತಿನ ಉಧ್ನಾದಲ್ಲಿ, ಬಟ್ಟೆ ಕಾರ್ಖಾನೆಗಳ ಸದ್ದಿನ ನಡುವೆ ನಮ್ಮ ಉಡುಪಿ ಹೋಟೆಲು. ಗಲ್ಲೆಯಲ್ಲಿ ಅಪ್ಪ, ಒಳಗೆ ಅಮ್ಮ, ಕಾವಲಿಯ ಮುಂದೆ ಸುಧಾಕರ ಚಿಕ್ಕಪ್ಪ. ನಾನು ಎಲ್ಲಿಯೂ ಇಲ್ಲ. ಅಡುಗೆಮನೆಯ ಕಡೆ ಕಾಲಿಟ್ಟರೆ ಯಾರಾದರೂ ತೆಂಗಿನಕಾಯಿ ತುರಿಯಲು ಕೂರಿಸುತ್ತಾರೆ ಎಂಬ ಭಯದಿಂದ ನಾನು ಅದನ್ನು ವೈರಿ ದೇಶದ ಗಡಿಯ ಹಾಗೆ ದೂರದಿಂದಲೇ ನೋಡಿಕೊಂಡು ಬೆಳೆದವಳು.

ಚಿಕ್ಕಪ್ಪ ಊರಿನಿಂದ ಬಂದದ್ದು ಹೋದ ವರ್ಷ. ದೋಸೆ ಹಾಕುವಾಗ ಅವರ ಕೈ ನೋಡಬೇಕು, ಮಾತು ಕೇಳಬಾರದು. ಅವರಿಗೆ ಹಿಂದಿ ಎಂದರೆ "ಹಾಂಜಿ". ಗುಜರಾತಿ ಎಂದರೆ "ಕೇಮ್ ಛೋ". ಅದಕ್ಕೆ ಎದುರಿನವರು ಉತ್ತರ ಕೊಟ್ಟುಬಿಟ್ಟರೆ ಚಿಕ್ಕಪ್ಪ ಒಳಗೆ ಓಡುತ್ತಾರೆ. ಆದರೆ ಅವರು ಪೂರಿಯ ಜೊತೆಗೆ ಮಾಡುವ ತರಕಾರಿ ಸಾಗುವಿಗೆ ಯಾವ ಭಾಷೆಯೂ ಬೇಕಾಗಿಲ್ಲ. ದುಬೈಯಲ್ಲಿ ಸಸ್ಯಾಹಾರಿ ಹೋಟೆಲು ಇಟ್ಟಿರುವ ಸೂರತ್ತಿನ ಸೇಠ್ ಒಬ್ಬರು ಒಂದು ದಿನ ನಮ್ಮಲ್ಲಿ ಆ ಸಾಗು ತಿಂದು, ಬಟ್ಟಲನ್ನು ಬೆರಳಿನಿಂದ ಒರೆಸಿ, ಆ ಬೆರಳನ್ನೂ ನೋಡಿಕೊಂಡು, "ದುಬೈಗೆ ಬಾ. ನನ್ನ ಪಾಲುದಾರರಿಗೆ ಇದನ್ನೇ ಮಾಡಿ ಬಡಿಸು. ಅವರು ತಲೆಯಾಡಿಸಿದರೆ ಅಲ್ಲಿಯ ಹೊಸ ಹೋಟೆಲಿನ ಅಡುಗೆಮನೆ ನಿನ್ನದು" ಎಂದರು.

ಚಿಕ್ಕಪ್ಪನಿಗೆ ಬೇಕಾದದ್ದು ಇದೊಂದೇ. ತನ್ನದು ಎಂದು ಹೇಳಿಕೊಳ್ಳಲು ಒಂದು ಅಡುಗೆಮನೆ.

ಅಪ್ಪ ಏನೂ ಹೇಳಲಿಲ್ಲ. ಹೇಳಲಿಲ್ಲ ಎಂದರೆ, ನಿಜವಾಗಿಯೂ ಹೇಳಲಿಲ್ಲ. ಅವತ್ತಿನಿಂದ ಅಣ್ಣ ತಮ್ಮಂದಿರ ನಡುವೆ ಮಾತೇ ಇಲ್ಲ. "ಎರಡು ಮಸಾಲೆ" ಎಂದು ಕೂಗಲೂ ಅಪ್ಪ ಅಮ್ಮನ ಮೂಲಕ ಕೂಗಿಸುತ್ತಿದ್ದರು. ದುಭಾಷಿಯಾಗಿ ನಾನೂ ಹೋಗುವುದೆಂದು ಸೇಠರೇ ಸೂಚಿಸಿದಾಗ, ಅಪ್ಪ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಗಿರಾಕಿಗೆ ಚಿಲ್ಲರೆ ಕೊಡಲು ತಿರುಗಿದರು.

ಇನ್ನು ಸುರಕ್ಷತೆಯ ಜವಾಬ್ದಾರಿ. ಅದನ್ನು ನನಗೆ ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ವಿಮಾನದಲ್ಲಿ ವ್ಯಾಪಾರಕ್ಕೆ ಹೋಗುವವರು ಹೇಗೆ ತಯಾರಾಗಬೇಕು ಎಂಬ ವೀಡಿಯೊಗಳನ್ನೆಲ್ಲ ನಾನು ನೋಡಿ ಮುಗಿಸಿದ್ದೆ. ಇನ್ನೊಂದು ವಾರ ಸಿಕ್ಕಿದ್ದರೆ ವಿಮಾನವನ್ನೇ ಓಡಿಸುತ್ತಿದ್ದೆನೋ ಏನೋ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ದೋಸೆ ಸಟ್ಟುಗವನ್ನು ಚಿಕ್ಕಪ್ಪನ ಮೈಮೇಲೆ ಆಡಿಸಿ ತಪಾಸಣೆಯ ಅಭ್ಯಾಸ ಮಾಡಿಸಿದೆ. "ಕೈ ಮೇಲೆ! ತಿರುಗಿ! ಜೇಬಲ್ಲಿ ಎಂತ ಉಂಟು?"

"ಬೀಡಿ ಇಲ್ಲ ಮಾರಾಯ್ತಿ, ನಿಮ್ಮಮ್ಮನಿಗೆ ಹೇಳ್ಬೇಡ," ಎಂದರು ಚಿಕ್ಕಪ್ಪ. ಅಭ್ಯಾಸದ ಪ್ರಯೋಜನ ನೋಡಿ.

ಪಾಸ್‌ಪೋರ್ಟಿನ ನಕಲನ್ನು ಬೇರೆ ಬೇರೆ ಕಡೆ ಇಡಬೇಕು ಎಂದು ಒಂದು ವೀಡಿಯೊ ಹೇಳಿತ್ತು. ಹಾಗಾಗಿ ಒಂದು ನಕಲು ಚಿಕ್ಕಪ್ಪನ ಬಲಗಾಲಿನ ಕಾಲುಚೀಲದ ಒಳಗೆ ಹೋಯಿತು. ಅವರ ಪೆಟ್ಟಿಗೆಯಿಂದ ಪವರ್ ಬ್ಯಾಂಕು ತೆಗೆದು ಕೈಚೀಲಕ್ಕೆ ಹಾಕಿದೆ. ಮೂಲೆಯಲ್ಲಿ ಅಡಗಿದ್ದ ಕೊಬ್ಬರಿ ಬಟ್ಟಲುಗಳನ್ನು ಕಳ್ಳನನ್ನು ಹಿಡಿದ ಹಾಗೆ ಹಿಡಿದೆ.

"ಕೊಬ್ಬರಿ ಎಂತ ಮಾಡ್ತದೆ ಪಾಪ?"

"ಅದರಲ್ಲಿ ಎಣ್ಣೆ ಉಂಟಲ್ಲ ಚಿಕ್ಕಪ್ಪ. ಬೆಂಕಿ ಹಿಡಿತದೆ. ವಿಮಾನಕ್ಕೆ ಬಿಡುದಿಲ್ಲ."

ಚಿಕ್ಕಪ್ಪನ ಮುಖದಲ್ಲಿ ನನ್ನ ಮೇಲೆ ಹುಟ್ಟಿದ ಗೌರವವನ್ನು ನೀವು ನೋಡಬೇಕಿತ್ತು. ಅದೇ ಗೌರವದ ಅಮಲಿನಲ್ಲಿ ನಾನು ಕೊನೆಯ ಕಟ್ಟನ್ನು ಪರೀಕ್ಷಿಸಿದೆ. ಬೆಳಿಗ್ಗೆ ಯಾರೋ ಪೆಟ್ಟಿಗೆಯ ಮೇಲೆ ಇಟ್ಟುಹೋದ ದೊಡ್ಡ ಪ್ಲಾಸ್ಟಿಕ್ ಚೀಲದ ತುಂಬ ಸಾಗುವಿನ ಮಸಾಲೆ ಪುಡಿ. ಚಿಕ್ಕಪ್ಪ ಬಾಯಿ ಬಿಚ್ಚಿ ಮೂಸಿದರು. ಕಣ್ಣು ಮುಚ್ಚಿದರು.

"ಅತ್ತಿಗೆ ಈ ಸಲ ಜೀವ ಹಾಕಿ ಹುರಿದಿದ್ದಾರೆ. ಕೊತ್ತಂಬರಿ, ಚಕ್ಕೆ, ಲವಂಗ, ಏಲಕ್ಕಿ... ಗಸಗಸೆ ಅಂತೂ ಧಾರಾಳ."

"ಖಸ್‌ಖಸ್ ಇಲ್ಲ ಅಲ್ವಾ?" ಎಂದು ಕೇಳಿದೆ. ದುಬೈಯಲ್ಲಿ ಅದಕ್ಕೆ ಜೈಲೇ ಗತಿ ಎಂದು ಓದಿದ್ದೆ. ಅಫೀಮಿನ ಗಿಡದ ಬೀಜವಂತೆ.

"ಖಸ್ ಖಸ್ಸಾ? ಎಂತದು ಅದು, ಕೆಮ್ಮಿನ ಔಷಧವಾ?"

"ಇಲ್ಲಾಂದ್ರೆ ಆಯ್ತು ಬಿಡಿ."

ಗಸಗಸೆಯನ್ನೂ ನಾನು ಹಾಗೆಯೇ ಬಿಡಲಿಲ್ಲ. ಬೇಜವಾಬ್ದಾರಿಯವಳು ಎಂದು ತಿಳಿಯಬೇಡಿ. ಅಜ್ಜಿಯ ಮನೆಯ ಬಾವಿಯ ಹತ್ತಿರ ಗಸಗಸೆ ಮರ ಇದೆ. ಕಡಲೆಯಷ್ಟು ದೊಡ್ಡ ಕೆಂಪು ಹಣ್ಣು, ಸಕ್ಕರೆಯ ಹಾಗೆ ಸಿಹಿ, ಪ್ರತಿ ರಜೆಯಲ್ಲೂ ಅಳಿಲುಗಳ ಜೊತೆ ಜಗಳಾಡಿ ತಿಂದಿದ್ದೇನೆ. ಅದನ್ನು ಒಣಗಿಸಿ ಮಸಾಲೆಗೆ ಹಾಕುತ್ತಾರೆ ಎಂಬ ಹೊಸ ಜ್ಞಾನವನ್ನು ಮನಸ್ಸಿನಲ್ಲಿ ಬರೆದುಕೊಂಡೆ. ಹಣ್ಣಿಗೆ ದುಬೈಯಲ್ಲಿ ನಿಷೇಧ ಇಲ್ಲ. ಚೀಲಕ್ಕೆ ಗಂಟು ಹಾಕಿ, "ಪಾಸ್" ಎಂದೆ.

ವಡೋದರಾ, ಕಿಟಕಿಯಿಂದ

ಟಿಕೆಟು ಸಿಕ್ಕಿದ್ದು ಅಹಮದಾಬಾದಿನಿಂದ ಹೊರಡುವ ವಿಮಾನಕ್ಕೆ. ಉಧ್ನಾದಿಂದ ರೈಲಿನಲ್ಲಿ ಆ ಊರಿನ ಮಣಿನಗರಕ್ಕೆ ಹೋಗಿ, ಅಲ್ಲಿ ವಾರಿಜತ್ತೆಯ ಮನೆಯಲ್ಲಿ ಉಳಿದು, ಮರುದಿನ ಮಧ್ಯಾಹ್ನ ಹಾರುವುದೆಂದು ನಿಶ್ಚಯವಾಗಿತ್ತು.

ಗುಜರಾತಿನ ರೈಲಿನಲ್ಲಿ ಹಸಿದು ಕೂರಬೇಕೆಂದರೆ ಬಹಳ ಕಷ್ಟಪಡಬೇಕು. ರೈಲು ಕದಲುವ ಮೊದಲೇ ಡಬ್ಬಿಗಳು ತೆರೆಯುತ್ತವೆ. ಊರ ಕಡೆ ಎದುರಿಗೆ ಕೂತವರು ಮೊದಲು "ಎಲ್ಲಿಗೆ, ಯಾರ ಮನೆ?" ಎಂದು ಜಾತಕ ಕೇಳಿ ಆಮೇಲೆ ಬಾಳೆಹಣ್ಣು ಕೊಡುತ್ತಾರೆ. ಇಲ್ಲಿ ಮೊದಲು ಮೆಂತ್ಯದ ತೇಪ್ಲಾ ರೊಟ್ಟಿ ಕೈಗೆ ಬರುತ್ತದೆ, ನೀವು ಯಾರೆಂದು ತಿಳಿಯುವ ಆಸೆ ಅವರಿಗೆ ಉಪ್ಪಿನಕಾಯಿ ಕೊಡುವಾಗ ಹುಟ್ಟುತ್ತದೆ. ಆದರೆ ನಾನು ಚಿಕ್ಕಪ್ಪನಿಗೆ ಕಟ್ಟುನಿಟ್ಟು ಮಾಡಿದ್ದೆ. ಪ್ರಯಾಣದಲ್ಲಿ ಗುರುತಿಲ್ಲದವರು ಕೊಟ್ಟದ್ದನ್ನು ಮುಟ್ಟಬಾರದು, ಕಟ್ಟುಗಳನ್ನಂತೂ ಸುತರಾಂ ತೆಗೆದುಕೊಳ್ಳಬಾರದು. ಚಿಕ್ಕಪ್ಪ ತೇಪ್ಲಾದ ಪರಿಮಳಕ್ಕೆ ಬೆನ್ನು ಹಾಕಿ ಹೊಲಗಳನ್ನು ನೋಡುತ್ತ ಕೂತರು.

ವಡೋದರಾದಲ್ಲಿ ರೈಲು ನಿಂತಾಗ ಬೆವರು ಸುರಿಸುತ್ತಿದ್ದ ಒಬ್ಬ ಬೋಳುತಲೆಯ ಮನುಷ್ಯ ಕಿಟಕಿ ಕಿಟಕಿ ಇಣುಕುತ್ತ ಬಂದು, ನಮ್ಮನ್ನು ಕಂಡೊಡನೆ ಬಾಳೆಲೆಯ ಕಟ್ಟೊಂದನ್ನು ಸರಳಿನ ನಡುವೆ ತೂರಿಸಿದ. ನಾನು ಅದನ್ನು ಅಷ್ಟೇ ವೇಗವಾಗಿ ಹೊರಗೆ ತೂರಿಸಿದೆ.

"ಅಮೆ ಅಜಾಣ್ಯಾ ಪಾರ್ಸಲ್ ನಥೀ ಲೇತಾ!" ಗುರುತಿಲ್ಲದವರ ಪಾರ್ಸಲ್ ನಾವು ಮುಟ್ಟುವುದಿಲ್ಲ ಎಂದು ಇಡೀ ಬೋಗಿಗೆ ಕೇಳುವ ಹಾಗೆ ಗುಜರಾತಿಯಲ್ಲಿ ಕೂಗಿದೆ.

ಆತ ಮತ್ತೆ ಒಳಗೆ ತಳ್ಳಿದ. ನಾನು ಹೊರಗೆ ತಳ್ಳಿದೆ. ನಮ್ಮಿಬ್ಬರ ನಡುವೆ ಆ ಕಟ್ಟು ಕಬಡ್ಡಿ ಆಡಿತು. ರೈಲು ಹೊರಟಿತು. ಆತ ಪ್ಲಾಟ್‌ಫಾರ್ಮಿನಲ್ಲಿ ಓಡುತ್ತ ಅಪ್ಪಟ ಉಡುಪಿ ಕನ್ನಡದಲ್ಲಿ ಕೂಗಿದ: "ಹೋಯ್ ಹೆಣ್ಣೇ! ಇಡ್ಲಿ ಮಾರಾಯ್ತಿ! ನಿನ್ನಪ್ಪ ಫೋನ್ ಮಾಡಿದ್ದಾನೆ!"

ಚಿಕ್ಕಪ್ಪ ಕಿಟಕಿಗೆ ಮುಖ ಒತ್ತಿ ನೋಡಿದರು. "ಅದು ಪದ್ಮನಾಭ ಮಾಮ! ಇಲ್ಲಿ ಕಾಲೇಜಿನ ಹತ್ತಿರ ಕ್ಯಾಂಟೀನ್ ಇಟ್ಟವ. ಅಣ್ಣನ ದೋಸ್ತಿ."

ಬಾಳೆಲೆಯ ಕಟ್ಟು ದೂರದಲ್ಲಿ ಸಣ್ಣದಾಗುತ್ತ ಹೋಯಿತು. ಪದ್ಮನಾಭ ಮಾಮ ಸೊಂಟಕ್ಕೆ ಕೈಯಿಟ್ಟು ನಿಂತದ್ದೂ ಕಂಡಿತು.

"ಅಣ್ಣ ಫೋನ್ ಮಾಡಿದ್ದಾನೆ ಅಂದ, ಅಲ್ವಾ?" ಎಂದು ಚಿಕ್ಕಪ್ಪ ಕೇಳಿದರು. ಇಡ್ಲಿಯ ವಿಷಯ ಅವರು ಎತ್ತಲೇ ಇಲ್ಲ. ಅದು ನನ್ನ ಅದೃಷ್ಟ.

ಮಣಿನಗರ

ವಾರಿಜತ್ತೆ ಅಪ್ಪನ ತಂಗಿ, ಚಿಕ್ಕಪ್ಪನ ಅಕ್ಕ. ಅವರ ಮನೆಯಲ್ಲಿ ರೈಲು ಹೋಗುವಾಗ ಪಾತ್ರೆಗಳು ಮಾತಾಡುತ್ತವೆ, ರೈಲು ಇಲ್ಲದಾಗ ಅತ್ತೆ ಮಾತಾಡುತ್ತಾರೆ. ಬಾಗಿಲಲ್ಲೇ ಪೆಟ್ಟಿಗೆ ಎತ್ತಿ ನೋಡಿ ತೀರ್ಪು ಕೊಟ್ಟರು: "ಸುಧಾ, ಇದರೊಳಗೆ ರುಬ್ಬುವ ಕಲ್ಲು ಹಾಕಿದ್ದಿಯಾ?"

ರುಬ್ಬುವ ಕಲ್ಲೇ ಇತ್ತು. ಸಣ್ಣದು. ಮಿಕ್ಸಿಯಲ್ಲಿ ಅರೆದರೆ ಸಾಗು ಕೋಪಿಸಿಕೊಳ್ಳುತ್ತದೆ ಎಂದು ಚಿಕ್ಕಪ್ಪನ ನಂಬಿಕೆ. ಭಾರ ಮಿತಿ ಮೀರಿದ್ದರಿಂದ ಮಸಾಲೆ ಪುಡಿಯ ಚೀಲ ನನ್ನ ಪೆಟ್ಟಿಗೆಗೆ ವರ್ಗವಾಯಿತು. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಡಿ.

ಮರುದಿನ ಬೆಳಿಗ್ಗೆಯಿಂದ ಚಿಕ್ಕಪ್ಪನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ನಮ್ಮವರಿಗೆ ಯಾರಾದರೂ ದುಬೈಗೆ ಹೋಗುತ್ತಾರೆಂದು ತಿಳಿದರೆ ಸಾಕು, ಪ್ರೀತಿ ಉಕ್ಕುತ್ತದೆ. "ಸುಧಾಕರಾ, ಜಾಗ್ರತೆ ಹೋಗಿ ಬಾ. ಬರುವಾಗ ಒಂದು ಟಾರ್ಚ್." "ಸುಧಣ್ಣಾ, ಆರೋಗ್ಯ ನೋಡಿಕೊ. ಆ ನೋವಿನ ಎಣ್ಣೆ ಅಲ್ಲಿ ಮಾತ್ರ ಸಿಗುದಂತೆ." ಖರ್ಜೂರ, ಸಾಬೂನು, ಸೆಂಟು. ಹೀಗೆ ಹೋದರೆ ವಿಮಾನ ಏರುವ ಮೊದಲೇ ಬ್ಯಾಟರಿ ಸಾಯುತ್ತದೆ, ಬಿಸಿನೆಸ್ ಪ್ರಯಾಣಿಕರಿಗೆ ತುಂಬಿದ ಬ್ಯಾಟರಿಯೇ ಬಂಧು ಎಂದು ನಾನು ಇಬ್ಬರ ಫೋನನ್ನೂ ಅತ್ತೆಯ ಮನೆಯಲ್ಲೇ ಫ್ಲೈಟ್ ಮೋಡಿಗೆ ಹಾಕಿದೆ.

"ಈಗಲೇಯಾ? ಇನ್ನೂ ರಿಕ್ಷಾ ಹತ್ತಲಿಲ್ಲ," ಎಂದರು ಚಿಕ್ಕಪ್ಪ.

"ಅಭ್ಯಾಸ ಆಗ್ಲಿ."

ಹಾಗಾಗಿ ಅಹಮದಾಬಾದಿನ ಇತಿಹಾಸದಲ್ಲಿ ಫ್ಲೈಟ್ ಮೋಡಿನಲ್ಲಿ ಓಡಿದ ಮೊದಲ ರಿಕ್ಷಾ ನಮ್ಮದು.

ವಿಮಾನ ನಿಲ್ದಾಣ, ಭಾರತದ ಭಾಗ

ಪೆಟ್ಟಿಗೆಗಳು ಪಟ್ಟಿಯ ಮೇಲೆ ಮಲಗಿ ಒಳಗೆ ಹೋದವು. ಅಲ್ಲಿಯವರೆಗೆ ಎಲ್ಲವೂ ನನ್ನ ವೀಡಿಯೊಗಳಲ್ಲಿ ಇದ್ದ ಹಾಗೆಯೇ. ತಪಾಸಣೆಯಲ್ಲಿ ಗಂಡಸರದ್ದೊಂದು ಸಾಲು, ಹೆಂಗಸರದ್ದೊಂದು. ನಾನು ಸಲೀಸಾಗಿ ದಾಟಿ ಬಂದು ಷೂ ಕಟ್ಟುತ್ತಿದ್ದೆ. ಆಚೆ ಸಾಲಿನಲ್ಲಿ ಯಂತ್ರ ಕೀಂ ಎಂದಿತು.

ಚಿಕ್ಕಪ್ಪ ಬೆಲ್ಟು ತೆಗೆದರು. ಕೀಂ. ವಾಚು ತೆಗೆದರು. ಕೀಂ. ಭದ್ರತೆಯ ಜವಾನ ಕೈಯ ಯಂತ್ರವನ್ನು ಅವರ ಸೊಂಟದ ಹತ್ತಿರ ತಂದ. ಯಂತ್ರ ಹಬ್ಬ ಮಾಡಿತು.

"ಯಹ್ ಕ್ಯಾ ಹೈ?"

ಚಿಕ್ಕಪ್ಪ ನಾಚಿ ಕೆಂಪಾದರು. ನಾನು ಸಟ್ಟುಗ ಆಡಿಸಿದಾಗ ಈ ಸಮಸ್ಯೆ ಬಂದಿರಲಿಲ್ಲ, ಸಟ್ಟುಗಕ್ಕೆ ಕೀಂ ಎನ್ನಲು ಬರುವುದಿಲ್ಲ. ಅವರು ಅಂಗಿಯ ಕೆಳಗಿಂದ ಎರಡು ಬೆರಳಷ್ಟು ಎತ್ತಿ ತೋರಿಸಿದರು. ಬೆಳ್ಳಿಯ ಉಡಿದಾರ. ಅಜ್ಜಿ ಕಟ್ಟಿಸಿದ್ದು.

"ಉತಾರೋ."

ಅಷ್ಟು ಹಿಂದಿ ಚಿಕ್ಕಪ್ಪನಿಗೆ ಅರ್ಥವಾಯಿತು. "ಅನೂ!" ಎಂದು ಅವರು ಇಡೀ ವಿಮಾನ ನಿಲ್ದಾಣಕ್ಕೆ ಕೇಳುವಂತೆ ನನ್ನನ್ನು ಕರೆದರು. "ಇದು ತೆಗಿಲಿಕ್ಕೆ ಆಗುದಿಲ್ಲ ಅಂತ ಹೇಳು! ತೆಗೆದರೆ ಅಮ್ಮ ಕೊಲ್ತಾರೆ!"

ನಾನು ದುಭಾಷಿಯಾಗಿ ಮಾಡಿದ ಮೊದಲ ಅಂತಾರಾಷ್ಟ್ರೀಯ ಅನುವಾದ ಇದು: "ಸರ್, ಯಹ್ ಬೆಲ್ಟ್ ಕೇ ನೀಚೇ ವಾಲಾ ಬೆಲ್ಟ್ ಹೈ. ದಾದೀ ಕಾ ಹೈ." ಬೆಲ್ಟಿನ ಕೆಳಗಿನ ಬೆಲ್ಟು, ಅಜ್ಜಿಯದು ಎಂದು.

ಜವಾನ ಒಮ್ಮೆ ಉಡಿದಾರ ನೋಡಿದ, ಒಮ್ಮೆ ಚಿಕ್ಕಪ್ಪನ ಮೀಸೆ ನೋಡಿದ. ಅವನಿಗೂ ಎಲ್ಲೋ ಒಬ್ಬ ಅಜ್ಜಿ ಇದ್ದಿರಬೇಕು. ಪರದೆಯ ಹಿಂದೆ ಕರೆದುಕೊಂಡು ಹೋಗಿ ನೋಡಿ ಬಿಟ್ಟ.

ಪಾಸ್‌ಪೋರ್ಟಿಗೆ ಠಸ್ಸೆ ಒತ್ತುವಲ್ಲಿ ಇನ್ನೊಂದು ಸಣ್ಣ ಘಟನೆ. ಅಧಿಕಾರಿ "ಪಾಸ್‌ಪೋರ್ಟ್" ಎಂದೊಡನೆ ಗಾಬರಿಗೆ ಬಿದ್ದ ಚಿಕ್ಕಪ್ಪ ಬಾಗಿ ಬಲಗಾಲಿನ ಷೂ ಬಿಚ್ಚಿ, ಕಾಲುಚೀಲದಿಂದ ಬೆಚ್ಚಗಿನ ನಕಲನ್ನು ತೆಗೆದು ಕೊಟ್ಟರು. ಅಸಲು ಅವರ ಎಡಗೈಯಲ್ಲೇ ಇತ್ತು. ಅಧಿಕಾರಿ ಆ ಕಾಗದವನ್ನು ಪೆನ್ನಿನ ತುದಿಯಿಂದ ಹಿಂದಕ್ಕೆ ತಳ್ಳಿದರು.

ಠಕ್. ಠಕ್. ಎರಡು ಠಸ್ಸೆ. ನಾವು ಕಾನೂನಿನ ಪ್ರಕಾರ ಭಾರತ ಬಿಟ್ಟಿದ್ದೆವು.

ವಿದೇಶ

ವಿದೇಶ ಹೇಗಿದೆ ಎಂದು ಎಲ್ಲರೂ ಕೇಳುತ್ತಾರೆ. ತಂಪಾಗಿದೆ. ನೆಲ ಹೊಳೆಯುತ್ತದೆ. ಕುರ್ಚಿಗಳು ಸಾಲಾಗಿವೆ. ಸೆಂಟಿನ ಅಂಗಡಿಯಲ್ಲಿ ಪುಕ್ಕಟೆ ಹೊಡೆದುಕೊಳ್ಳಲು ಬಿಡುತ್ತಾರೆ, ನಾನು ಎಡಗೈಗೆ ಒಂದು ಬಲಗೈಗೆ ಒಂದು ಹೊಡೆದುಕೊಂಡೆ. ಸ್ಥಳೀಯರು ಗುಜರಾತಿ ಮಾತಾಡುತ್ತಾರೆ ಮತ್ತು ಡಬ್ಬಿ ತೆರೆದು ಹಪ್ಪಳದಂಥ ಖಾಕ್ರಾ ತಿನ್ನುತ್ತಾರೆ. ವಿದೇಶ ಒಟ್ಟಾರೆ ವಡೋದರಾದ ರೈಲಿನ ಹಾಗೆಯೇ ಇದೆ, ಇಡ್ಲಿ ಎಸೆಯುವವರಿಲ್ಲ ಅಷ್ಟೇ.

ನಮ್ಮ ಪಕ್ಕದ ಕುರ್ಚಿಯಲ್ಲಿ ಹಂಸಾಬೆನ್ ಎಂಬವರು ಕೂತಿದ್ದರು. ಸೂರತ್ತಿನವರೇ, ಅಜ್ಜಿಯಾಗುವ ವಯಸ್ಸು, ಡ್ರೆಸ್ ಬಟ್ಟೆಯ ವ್ಯಾಪಾರ. ದುಬೈಗೆ ಹೋಗುವುದೆಂದರೆ ಅವರಿಗೆ ನಾವು ಮಾರ್ಕೆಟ್ಟಿಗೆ ಹೋದ ಹಾಗೆ. ನಾನು ನನ್ನ ಸುರಕ್ಷತಾ ಜ್ಞಾನವನ್ನು ಅವರ ಮುಂದೆ ಬಿಚ್ಚಿಟ್ಟೆ. ಅವರು ಎಲ್ಲವನ್ನೂ ಕೇಳಿ ಹೇಳಿದರು: "ಬಹಳ ಒಳ್ಳೆಯದು ಬೇಟಾ. ಮತ್ತೆ ನಾಳೆ ತೋರಿಸಬೇಕಾದ ಸ್ಯಾಂಪಲ್ ಎಲ್ಲಿ? ನಾನಂತೂ ಪೆಟ್ಟಿಗೆಯನ್ನು ನಂಬುವುದಿಲ್ಲ. ಪೆಟ್ಟಿಗೆ ತಪ್ಪಿಹೋದರೂ ವ್ಯಾಪಾರ ನಿಲ್ಲಬಾರದು." ಅವರ ಕಾಲ ಬುಡದ ಚೀಲದಲ್ಲಿ ಬಟ್ಟೆಯ ತುಂಡುಗಳು, ಒಂದು ಜೊತೆ ಉಡುಪು, ಮಾತ್ರೆ, ವೈದ್ಯರ ಚೀಟಿ. ಇಷ್ಟೇ.

ಇದು ಯಾವ ವೀಡಿಯೊದಲ್ಲೂ ಇರಲಿಲ್ಲ. ಇದ್ದಿದ್ದರೆ ನಾನು ಅದನ್ನು ನೋಡದೆ ದಾಟಿಸಿರಬೇಕು.

ಹಂಸಾಬೆನ್ ಡಬ್ಬಿ ತೆರೆದರು. ಚೂರ್ಮಾ ಲಾಡು. ಗೋಧಿ, ಬೆಲ್ಲ, ತುಪ್ಪ, ಮೇಲೆ ಬಿಳಿ ಬಿಳಿ ಸಣ್ಣ ಕಾಳು. "ಸೊಸೆ ಅಭ್ಯಾಸಬಲದಿಂದ ಖಸ್‌ಖಸ್ ಒತ್ತಿಬಿಟ್ಟಿದ್ದಾಳೆ. ಅಲ್ಲಿಗೆ ಒಯ್ದರೆ ನನ್ನನ್ನೇ ಒತ್ತುತ್ತಾರೆ. ವಿಮಾನ ಹತ್ತುವ ಮೊದಲು ಮುಗಿಸಬೇಕು. ಲೋ, ಲೋ, ತಗೊಳ್ಳಿ."

ಚಿಕ್ಕಪ್ಪ ನನ್ನ ಮುಖ ನೋಡಿದರು. ಗುರುತಿಲ್ಲದವರು ಕೊಟ್ಟದ್ದು. ಆದರೆ ಇಡ್ಲಿಯ ನೆನಪು ಇಬ್ಬರಲ್ಲೂ ಹಸಿಯಾಗಿತ್ತು. ನಾನು ತಲೆಯಾಡಿಸಿದೆ.

ಚಿಕ್ಕಪ್ಪ ಒಂದು ತುಂಡು ಕಚ್ಚಿ, ಅಡುಗೆಯವರು ಅಗಿಯುವ ಹಾಗೆ ನಿಧಾನವಾಗಿ ಅಗಿದು, ಖುಷಿಯಿಂದ ಹೇಳಿದರು: "ಹೋ! ಲಾಡಿಗೆ ಗಸಗಸೆ ಹಾಕಿದ್ದಾರೆ. ಲಾಯ್ಕುಂಟು."

"ಎಂತ ಹಾಕಿದ್ದಾರೆ?"

"ಗಸಗಸೆ. ಇದು ಕಾಣುದಿಲ್ವಾ ನಿಂಗೆ, ಬಿಳಿ ಬಿಳಿ?"

"ಅದು ಖಸ್‌ಖಸ್, ಚಿಕ್ಕಪ್ಪ."

"ಖಸ್‌ಖಸ್ ಅಂದ್ರೆ ಕೆಮ್ಮಿನ ಔಷಧ ಅಲ್ವಾ?"

"ಗಸಗಸೆ ಅಂದ್ರೆ ಕೆಂಪು ಹಣ್ಣಲ್ವಾ? ಬಾವಿ ಹತ್ತಿರದ ಮರ?"

"ಅದು ಗಸಗಸೆ ಹಣ್ಣು, ಹೆಣ್ಣೇ! ಅದನ್ನು ಯಾರಾದ್ರೂ ಸಾಗಿಗೆ ಹಾಕ್ತಾರಾ?"

ಅರ್ಧ ತಿಂದ ಲಾಡನ್ನು ನಾನು ಕೆಳಗಿಟ್ಟೆ. ನಮ್ಮಿಬ್ಬರ ನಡುವೆ ಪೂರ್ತಿ ಜ್ಞಾನ ಇತ್ತು. ಪುಡಿಯಲ್ಲಿ ಏನಿದೆ ಎಂದು ಚಿಕ್ಕಪ್ಪನಿಗೆ ಗೊತ್ತಿತ್ತು, ಯಾವುದನ್ನು ಒಯ್ಯಬಾರದು ಎಂದು ನನಗೆ ಗೊತ್ತಿತ್ತು. ಒಂದೇ ಕಾಳು ಎರಡು ಹೆಸರು ಇಟ್ಟುಕೊಂಡು ನಮ್ಮ ನಡುವಿನಿಂದಲೇ ದಾಟಿ, ನನ್ನ ಪೆಟ್ಟಿಗೆಯೊಳಗೆ ಮಲಗಿ, ಈಗ ವಿಮಾನದ ಹೊಟ್ಟೆಯ ಕಡೆ ಹೊರಟಿತ್ತು.

ಚಿಕ್ಕಪ್ಪ ದನಿ ತಗ್ಗಿಸಿದರು. "ಪುಡಿ ಆಗಿ ಹೋಗಿದೆ ಅಲ್ವಾ. ಯಾರಿಗೆ ಗೊತ್ತಾಗ್ತದೆ?"

ಹಂಸಾಬೆನ್ ಅವರಿಗೆ ಕನ್ನಡ ಬರುವುದಿಲ್ಲ. ಆದರೆ ನಮ್ಮ ಮುಖಗಳಿಗೆ ಭಾಷೆ ಬೇಕಿರಲಿಲ್ಲ. ನಾನು ಹೇಳಿದ್ದನ್ನು ಕೇಳಿ ಅವರು ಡಬ್ಬಿಯ ಮುಚ್ಚಳ ಹಾಕಿದರು. "ನಮ್ಮ ಬೀದಿಯ ಒಬ್ಬ ವ್ಯಾಪಾರಿ ಹೀಗೇ ಸಿಹಿ ಒಯ್ದಿದ್ದ. ವಾಪಸು ಬರುವಾಗ ಅವನ ದೀಪಾವಳಿಯ ವ್ಯಾಪಾರ ಪೂರಾ ಮುಗಿದುಹೋಗಿತ್ತು. ಈಗಲೇ ಎದ್ದು ಗೇಟಿನವರಿಗೆ ಹೇಳಿ. ಅಲ್ಲಿ ಇಳಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ."

ಗೇಟಿನಲ್ಲಿದ್ದ ಹುಡುಗಿ ವಾಕಿಟಾಕಿಯಲ್ಲಿ ಯಾರೊಂದಿಗೋ ಮಾತಾಡಿ ಕೇಳಿದಳು, "ಪೆಟ್ಟಿಗೆಯ ಚೀಟಿ ಯಾರ ಹೆಸರಿನಲ್ಲಿದೆ?"

ನನ್ನ ಹೆಸರಿನಲ್ಲಿ. ಮಣಿನಗರದ ಸಂಗತಿ ನೆನಪಿಡಲು ಹೇಳಿದ್ದೆನಲ್ಲ, ಇದಕ್ಕೇ. ಪೆಟ್ಟಿಗೆ ಇಳಿಸಿ ತೆರೆಯುವಾಗ ಅದರ ಯಜಮಾನಿ ಎದುರಿಗಿರಬೇಕು, ಅಷ್ಟರಲ್ಲಿ ವಿಮಾನ ಹೊರಟುಹೋಗುತ್ತದೆ ಎಂದಳು. ಚಿಕ್ಕಪ್ಪ ಹೋಗಬಹುದು. ನಾನು ಹೋಗುವಂತಿಲ್ಲ. ನಾನಿನ್ನೂ ಚಿಕ್ಕವಳಾದ್ದರಿಂದ ನನ್ನನ್ನು ಯಾರಾದರೂ ಹಿರಿಯರು ಬಂದು ಕರೆದೊಯ್ಯಬೇಕು.

"ಹಾಗಾದ್ರೆ ನಾನೂ ಇಳಿತೇನೆ," ಎಂದರು ಚಿಕ್ಕಪ್ಪ. ಅವರ ಕೈಯಲ್ಲಿ ಬೋರ್ಡಿಂಗ್ ಪಾಸು ಒದ್ದೆಯಾಗಿತ್ತು. "ಅಣ್ಣನ ಮಗಳನ್ನು ಇಲ್ಲಿ ಬಿಟ್ಟು ನಂಗೆ ಎಂತ ದುಬೈ? ಪುಡಿಯೂ ಇಲ್ಲ. ಭಾಷೆಯೂ ಇಲ್ಲ."

ಇಷ್ಟು ಹೊತ್ತು ನಾನು ತಮಾಷೆ ಮಾಡಿದ್ದೇನೆ, ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಕೂಡಿಟ್ಟ ಆಸೆ ಕೈಯಿಂದ ಜಾರುವಾಗ ಆ ಮನುಷ್ಯ ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ವಾರಿಜತ್ತೆಯನ್ನು ಕರೆಸೋಣವೆಂದು ಫೋನು ತೆಗೆದು ಫ್ಲೈಟ್ ಮೋಡಿನಿಂದ ಹೊರತಂದೆ.

ಫೋನು ಕೈಯಲ್ಲೇ ಕುಣಿಯತೊಡಗಿತು. ಅಪ್ಪ. ಅಪ್ಪ. ಅಪ್ಪ. ತಪ್ಪಿದ ಕರೆಗಳ ಸಾಲು ತೆರೆಯ ಕೆಳಗೆ ಇಳಿಯುತ್ತಲೇ ಹೋಯಿತು. ನಾನು ಒತ್ತುವ ಮೊದಲೇ ಮತ್ತೆ ಅವರದೇ ಕರೆ.

"ಹತ್ತಿದ್ರಾ?" ಅಪ್ಪನ ದನಿ ಓಡಿ ಬಂದವರ ಹಾಗಿತ್ತು.

"ಇಲ್ಲ ಅಪ್ಪ. ಪುಡಿಯಲ್ಲಿ..."

"ಗೊತ್ತುಂಟು. ಕಿರಾಣಿ ಅಂಗಡಿಯವ ಬೆಳಿಗ್ಗೆ ಹೇಳಿದ. ನಾನು ಇಲ್ಲಿ ಹೊರಗೆ ಬಾಗಿಲಲ್ಲಿ ಇದ್ದೇನೆ, ಒಳಗೆ ಬಿಡುದಿಲ್ಲ ಇವರು. ಸುಧನಿಗೆ ಕೊಡು."

ಅಪ್ಪ ಗಲ್ಲೆ ಬಿಟ್ಟು ಬಂದಿದ್ದರು! ನನ್ನ ನಾಮಕರಣದ ದಿನವೂ ಅರ್ಧ ಹೊತ್ತು ಗಲ್ಲೆಯಲ್ಲೇ ಇದ್ದ ಮನುಷ್ಯ.

ಚಿಕ್ಕಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನಗೆ ಕೇಳಿದ್ದು ಈ ಕಡೆಯದು ಮಾತ್ರ. "ಹ್ಞೂಂ... ಹ್ಞೂಂ... ಗೋಡಂಬಿ ನೆನೆಸಿ... ಹುರಿಗಡಲೆ... ಅಲ್ಲಿ ಸಿಗ್ತದಾ? ... ಕೊತ್ತಂಬರಿ ನಾನೇ ಹುರಿತೇನೆ... ಇಲ್ಲ, ಕಲ್ಲು ನನ್ನ ಪೆಟ್ಟಿಗೆಯಲ್ಲೇ ಉಂಟು... ಆಯ್ತು ಅಣ್ಣ." ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. "ಆಯ್ತು ಅಣ್ಣ," ಎಂದು ಇನ್ನೊಮ್ಮೆ ಹೇಳಿ, ಬೋರ್ಡಿಂಗ್ ಪಾಸಿನಲ್ಲಿ ಕಣ್ಣೊರೆಸಿಕೊಂಡರು.

ಹಂಸಾಬೆನ್ ಅವರ ಭುಜ ತಟ್ಟಿ, ಇವರು ನನ್ನ ಜೊತೆ ಬರಲಿ, ಅಲ್ಲಿ ಸೇಠರ ಕೈಗೆ ಒಪ್ಪಿಸುತ್ತೇನೆ ಎಂದರು. ನನ್ನ ದುಭಾಷಿಯ ಹುದ್ದೆಯೂ ಹೋಯಿತು.

ದುಬೈಯಲ್ಲಿ ಏನಾಯಿತು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಯಾಕೆಂದರೆ ಇನ್ನು ಸ್ವಲ್ಪದರಲ್ಲಿ ಅಪ್ಪ ಬರುತ್ತಾರೆ, ಅವರು ಬಂದ ಮೇಲೆ ನನಗೆ ಬಾಯಿ ಬಿಡಲು ಆಗುವುದಿಲ್ಲ. ಚಿಕ್ಕಪ್ಪ ಅಲ್ಲಿಯ ಅಂಗಡಿಯಿಂದ ಗೋಡಂಬಿ ತಂದು, ಕಲ್ಲಿನಲ್ಲಿ ಅರೆದು, ಸಾಗು ಮಾಡಿ ಬಡಿಸಿದರು. ಪಾಲುದಾರರು ಬಟ್ಟಲು ಒರೆಸಿದರು. ಆ ಅಡುಗೆಮನೆ ಈಗ ಚಿಕ್ಕಪ್ಪನದು. ಬಟ್ಟಲು ಒರೆಸಿದ ಬೆರಳನ್ನು ಅವರೂ ನೋಡಿಕೊಂಡರೇ ಎಂದು ಕೇಳಿದರೆ, "ನೀನು ಇದ್ದಿದ್ರೆ ನೋಡಿಕೊಂಡ್ರು ಅಂತ ಹೇಳ್ತಿದ್ದಿ" ಎಂದು ನಗುತ್ತಾರೆ.

ಮರಳಿ ತಾಯ್ನಾಡಿಗೆ

ವಿದೇಶದಿಂದ ಮರಳುವವರನ್ನು ಹಾರ ಹಾಕಿ ಬರಮಾಡಿಕೊಳ್ಳುತ್ತಾರೆ. ನನ್ನ ಹೊರಟ ಠಸ್ಸೆಯ ಮೇಲೆ "ರದ್ದು" ಎಂಬ ಠಸ್ಸೆ ಒತ್ತಿದರು. ನನ್ನೆದುರಿಗೇ ಪೆಟ್ಟಿಗೆ ತೆರೆದು, ಪುಡಿಯ ಚೀಲದ ಗಂಟು ಬಿಚ್ಚಿದರು. ಆ ಪರಿಮಳ ಇಡೀ ಕೋಣೆಯಲ್ಲಿ ಹಬ್ಬಿತು. ಅಧಿಕಾರಿಯೊಬ್ಬರು ಮೂಗು ಹತ್ತಿರ ತಂದು, ಕೆಮ್ಮಿ, ಕಣ್ಣೀರು ಒರೆಸಿಕೊಂಡು, "ಇದರಲ್ಲಿ ಏನು ಮಾಡುತ್ತಾರೆ?" ಎಂದು ಆಸೆಯಿಂದ ಕೇಳಿದರು. ಚಿಕ್ಕಪ್ಪ ಹೇಳಿದ್ದು ಅರ್ಧ ಸರಿ, ಅದು ಕೆಮ್ಮಿನ ಔಷಧವಲ್ಲ, ಕೆಮ್ಮು.

ಪುಡಿಯನ್ನು ಅಲ್ಲೇ ಉಳಿಸಿಕೊಂಡು ನನ್ನನ್ನು ವಿಮಾನ ಕಂಪನಿಯವರ ಸಣ್ಣ ಕೋಣೆಯಲ್ಲಿ ಕೂರಿಸಿದರು. ಅಪ್ಪನಿಗೆ ಒಳಗೆ ಬರಲು ಚೀಟಿ ಮಾಡಿಸಬೇಕಿತ್ತು. ಅಷ್ಟರವರೆಗೆ ಬೇಸರ ಕಳೆಯಬೇಡವೇ? ಅಲ್ಲಿದ್ದ ಇಬ್ಬರು ಹುಡುಗಿಯರು, ಒಬ್ಬ ಲೋಡರ್ ಅಣ್ಣ, ಚಹಾ ತಂದ ಕಾಕಾ, ಎಲ್ಲರೂ ನನ್ನ ಸುತ್ತ ಸೇರಿದರು. ನಾನು ಗುಜರಾತಿಯಲ್ಲಿ ಶುರು ಮಾಡಿದೆ. ಗುಜರಾತಿಯಲ್ಲಿ ನನ್ನ ಕಲ್ಪನೆ ಇನ್ನೂ ಚೆನ್ನಾಗಿ ಓಡುತ್ತದೆ.

"ನಾಯಿ ಮೂಸುವ ಮೊದಲೇ ನಾನು ಮೂಸಿದೆ," ಎಂದೆ. "ನಾಯಿಗಳು ಇದ್ದವಲ್ಲ, ಕರಿಯವು, ಇಷ್ಟೆತ್ತರ. ಒಂದು ನನ್ನ ಹತ್ತಿರ ಬಂದು ಕಾಲ ಬಳಿ ಕೂತುಬಿಟ್ಟಿತು. ಮೇಡಂ, ನೀವು ನಮಗಿಂತ ಮೊದಲೇ ಹಿಡಿದಿರಿ ಎಂಬ ಹಾಗೆ! ಆಗ ಹಂಸಾಬೆನ್ ಅಂದರು, ಈ ಹುಡುಗಿ ಇಲ್ಲದಿದ್ದರೆ ಇಡೀ ವಿಮಾನವನ್ನೇ ದುಬೈಯಲ್ಲಿ ಸುತ್ತುವರಿಯುತ್ತಿದ್ದರು..."

ಚಹಾ ಕಾಕಾ ಲೋಟ ಹಿಡಿದವನು ಹಿಡಿದ ಹಾಗೆಯೇ ನಿಂತಿದ್ದ. ಹುಡುಗಿಯರ ಬಾಯಿ ತೆರೆದಿತ್ತು. ನಾನು ಕತೆಯಲ್ಲಿ ಹೆಲಿಕಾಪ್ಟರಿನ ಹತ್ತಿರ ಬರುತ್ತಿದ್ದೆ. ಆಗ ಅವರೆಲ್ಲರ ಕಣ್ಣು ನನ್ನ ತಲೆಯ ಮೇಲಿನಿಂದ ಹಿಂದಕ್ಕೆ ಸರಿಯಿತು.

ಬಾಗಿಲಲ್ಲಿ ಅಪ್ಪ. ಗಲ್ಲೆಯ ಮೇಲೆ ಕೂರುವ ಅದೇ ಅಂಗಿ, ಜೇಬಿನಲ್ಲಿ ಅದೇ ಪೆನ್ನು, ಕಂಕುಳಲ್ಲಿ ಒಂದು ಸ್ಟೀಲ್ ಡಬ್ಬಿ. ಗಸಗಸೆ ಹಾಕದೆ ಅಮ್ಮ ಅವಸರದಲ್ಲಿ ಹುರಿದುಕೊಟ್ಟ ಪುಡಿ. ಅದು ತಲುಪಬೇಕಾದ ವಿಮಾನ ಆಗಲೇ ಮೇಲೆ ಸದ್ದು ಮಾಡಿ ಹೋಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಅಪ್ಪನಿಗೆ ಗುಜರಾತಿ ನನಗಿಂತ ಚೆನ್ನಾಗಿ ಬರುತ್ತದೆ.

"ಪುಡಿ ಹುರಿದದ್ದು ನಾನು," ಎಂದರು ಅಪ್ಪ, ಕನ್ನಡದಲ್ಲಿ, ಮೆಲ್ಲಗೆ. "ಮೊದಲ ಸಲ ದೊಡ್ಡವರಿಗೆ ಬಡಿಸ್ತಾನೆ ಅಂತ ಗಸಗಸೆ ಒಂದು ಮುಷ್ಟಿ ಜಾಸ್ತಿ ಹಾಕಿದ್ದೂ ನಾನೇ. ಇದರಲ್ಲಿ ನಿನ್ನ ನಾಯಿ ಎಲ್ಲಿಂದ ಬಂತು?"

ವಿಷಯ ಬದಲಿಸಲು ಪಾಸ್‌ಪೋರ್ಟು ತೆರೆದು ತೋರಿಸಿದೆ. "ಅಪ್ಪ, ಠಸ್ಸೆ ಬಿದ್ದಿದೆ. ನಾನು ಫಾರಿನ್ನಿಗೆ ಹೋದ ಲೆಕ್ಕವೇ ಅಲ್ವಾ?"

ಅಪ್ಪ ಪಾಸ್‌ಪೋರ್ಟು ತೆಗೆದುಕೊಂಡು, ಕನ್ನಡಕ ಏರಿಸಿ, ಎರಡೂ ಠಸ್ಸೆಗಳನ್ನು ಹೋಟೆಲಿನ ಬಿಲ್ಲು ನೋಡುವ ಹಾಗೆ ನೋಡಿದರು.

"ಹೌದು. ಫಾರಿನ್ನಲ್ಲಿ ಎಂತ ತಿಂದೆ?"

"ಗಸಗಸೆ ಲಾಡು."

ಅಪ್ಪನ ಮೀಸೆ ಒಂದು ಕಡೆ ಅಲುಗಿತು. ನಕ್ಕರೇ ಎಂದು ನೋಡುವಷ್ಟರಲ್ಲಿ ನಿಂತಿತು. "ನಾಳೆಯಿಂದ ಅಡುಗೆಮನೆಗೆ ಬಾ. ಒಂದೊಂದು ಡಬ್ಬಿ ತೆಗೆದು ಒಳಗೆ ಎಂತ ಉಂಟು ನೋಡಿ ಹೆಸರು ಕಲಿ."

"ಕನ್ನಡದಲ್ಲಾ, ಗುಜರಾತಿಯಲ್ಲಾ?"

"ಎರಡರಲ್ಲೂ," ಎಂದು ಅಪ್ಪ ಪಾಸ್‌ಪೋರ್ಟನ್ನು ಪೆನ್ನಿನ ಪಕ್ಕಕ್ಕೆ ತುರುಕಿದರು.